ನೋವನ್ನು ಅಳತೆಗೋಲು ಮಾಡಬೇಡಿ: ಹೊಸ ಲೇಖಕರೊಬ್ಬರಿಗೆ ಉತ್ತರ

ನಮಸ್ಕಾರ.

‘ಹಲ್ಲನ್ನು ಯಾವಾಗ ಕೀಳಿಸಬೇಕು?’ ಎಂಬ ನಿಮ್ಮ ಲೇಖನ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ನೀವು ಆರಿಸಿಕೊಂಡ ವಿಷಯ ಬಹಳ ಒಳ್ಳೆಯದು, ನಿಮ್ಮ ವಾಕ್ಯಗಳಿಗೆ ಓದಿಸಿಕೊಂಡು ಹೋಗುವ ಗುಣವಿದೆ. ಆದ್ದರಿಂದ ಎರಡು ಸಾಲಿನಲ್ಲಿ ವಿಷಾದ ತಿಳಿಸಿ ಮುಗಿಸುವ ಬದಲು ವಿವರವಾಗಿ ಬರೆಯುತ್ತಿದ್ದೇನೆ. ಇಂಥ ಲೇಖನವನ್ನು ಓದುವವರು ಯಾರೆಂದು ಯೋಚಿಸಿ. ಕೆನ್ನೆ ಊದಿ ನಿದ್ದೆಗೆಟ್ಟವರು, ‘ಈ ಹಲ್ಲನ್ನು ಉಳಿಸುವುದು ಕಷ್ಟ’ ಎಂಬ ಮಾತನ್ನು ಆಗಷ್ಟೇ ಕೇಳಿಬಂದವರು. ಕಿತ್ತ ಹಲ್ಲು ಮತ್ತೆ ಬರುವುದಿಲ್ಲ. ಅವರಿಗೆ ನಾವು ಕೊಡುವ ಪ್ರತಿ ವಾಕ್ಯವೂ ಸರಿಯಾಗಿರಲೇಬೇಕು.

ದೊಡ್ಡ ತಪ್ಪಿನಿಂದಲೇ ಆರಂಭಿಸುತ್ತೇನೆ. ‘ನೋವು ತಾಳಲಾರದಷ್ಟಾದಾಗ ಹಲ್ಲನ್ನು ಕೀಳಿಸುವುದೊಂದೇ ದಾರಿ’ ಎಂದು ಬರೆದಿದ್ದೀರಿ. ಇಡೀ ಲೇಖನ ಈ ಒಂದು ಮಾತಿನ ಮೇಲೆ ನಿಂತಿದೆ, ಆ ಮಾತು ನಿಜವಲ್ಲ. ಹಲ್ಲಿನ ಗಟ್ಟಿ ಪದರಗಳ ಒಳಗೆ ನರ ಮತ್ತು ರಕ್ತನಾಳಗಳಿರುವ ಮೆತ್ತನೆಯ ತಿರುಳು ಇರುತ್ತದೆ. ಹುಳುಕು ಅಲ್ಲಿಗೆ ತಲುಪಿದಾಗ ತಿರುಳು ಉರಿಯೂತಕ್ಕೆ ಒಳಗಾಗುತ್ತದೆ. ಸುತ್ತಲೂ ಗಟ್ಟಿ ಗೋಡೆ ಇರುವುದರಿಂದ ಅದಕ್ಕೆ ಊದಿಕೊಳ್ಳಲು ಜಾಗವಿಲ್ಲ. ಮಲಗಿದಾಗ ಹೆಚ್ಚುವ, ನಾಡಿಯಂತೆ ಬಡಿಯುವ ಆ ನೋವು ಹುಟ್ಟುವುದು ಆ ಒತ್ತಡದಿಂದ. ಇಷ್ಟು ನೋಯುವ ಹಲ್ಲನ್ನೂ ಅನೇಕ ಸಲ ರೂಟ್ ಕೆನಾಲ್ ಚಿಕಿತ್ಸೆಯಿಂದ ಉಳಿಸಬಹುದು. ಕೆಟ್ಟ ತಿರುಳನ್ನು ತೆಗೆದು, ಬೇರಿನ ಒಳನಾಳವನ್ನು ಶುಚಿಮಾಡಿ ತುಂಬಿ, ಮೇಲೆ ಕ್ಯಾಪ್ ಕೂರಿಸಿದರೆ ಅದೇ ಹಲ್ಲು ವರ್ಷಗಟ್ಟಲೆ ಕೆಲಸ ಮಾಡುತ್ತದೆ.

ಇದರ ಇನ್ನೊಂದು ಮುಖ ನಿಮ್ಮ ಲೇಖನದಲ್ಲಿ ಬಂದೇ ಇಲ್ಲ. ತಿರುಳು ಪೂರ್ತಿ ಸತ್ತುಹೋದರೆ ನೋವು ತಟ್ಟನೆ ನಿಂತುಬಿಡುತ್ತದೆ. ‘ವಾಸಿಯಾಯಿತು’ ಎಂದು ರೋಗಿ ಸುಮ್ಮನಾಗುತ್ತಾರೆ, ಸೋಂಕು ಮಾತ್ರ ಬೇರಿನ ತುದಿಯನ್ನು ದಾಟಿ ಮೂಳೆಯಲ್ಲಿ ಕೀವು ಕಟ್ಟಿಸುತ್ತಿರುತ್ತದೆ. ಒಸಡಿನ ಕಾಯಿಲೆಯೂ ಹೀಗೆಯೇ, ಬಹುತೇಕ ಸದ್ದಿಲ್ಲದೆ ಬೆಳೆಯುತ್ತದೆ. ಹಲ್ಲುಜ್ಜುವಾಗ ರಕ್ತ, ಒಸಡು ಕೆಳಸರಿಯುವುದು, ಹಲ್ಲುಗಳ ನಡುವೆ ಸಂದು ಬೀಳುವುದು, ಕೊನೆಗೆ ಅಲುಗಾಟ. ಹಲ್ಲು ಅಕ್ಕಪಕ್ಕಕ್ಕಷ್ಟೇ ಅಲ್ಲದೆ ಒತ್ತಿದರೆ ಮೇಲೆ ಕೆಳಗೂ ಆಡುವ ಹಂತ ತಲುಪಿದಾಗ ಅದನ್ನು ಹಿಡಿದಿಟ್ಟಿದ್ದ ಮೂಳೆ ಬಹುಪಾಲು ಕರಗಿಹೋಗಿರುತ್ತದೆ. ನಿಮ್ಮ ಲೇಖನವನ್ನು ನಂಬಿದ ಓದುಗರು ಉಳಿಸಬಹುದಾದ ಹಲ್ಲನ್ನು ನೋವಿನ ಭರದಲ್ಲಿ ಕೀಳಿಸಿಕೊಳ್ಳುತ್ತಾರೆ, ನೋಯದ ರೋಗಿಷ್ಠ ಹಲ್ಲನ್ನು ಹಾಗೇ ಬಿಟ್ಟುಕೊಳ್ಳುತ್ತಾರೆ.

ಹಾಗಾದರೆ ಅಳತೆಗೋಲು ಯಾವುದು? ಏನು ಉಳಿದಿದೆ ಎಂಬುದು. ಹಳೆಯ ಮನೆಯನ್ನು ದುರಸ್ತಿ ಮಾಡಬೇಕೋ ಕೆಡವಬೇಕೋ ಎಂದು ನೋಡಲು ಬಂದ ಮೇಸ್ತ್ರಿ ಮೊದಲು ಅಡಿಪಾಯ ಮತ್ತು ಗೋಡೆ ನೋಡುವಂತೆ, ದಂತವೈದ್ಯರು ಮೂಳೆ, ಬೇರು ಮತ್ತು ಒಸಡಿನ ಮೇಲೆ ಉಳಿದಿರುವ ಗಟ್ಟಿ ಹಲ್ಲನ್ನು ನೋಡುತ್ತಾರೆ. ಕ್ಯಾಪ್ ಭದ್ರವಾಗಿ ಕೂರಲು ಒಸಡಿನ ಮೇಲೆ ಸುತ್ತಲೂ ಸುಮಾರು 2 ಮಿಲಿಮೀಟರ್ ಆರೋಗ್ಯವಂತ ಹಲ್ಲು ಬೇಕು. ಹುಳುಕು ಅದನ್ನೂ ತಿಂದು ಒಸಡಿನ ಕೆಳಗೆ ಆಳಕ್ಕೆ ಇಳಿದಿದ್ದರೆ ರೂಟ್ ಕೆನಾಲ್ ಎಷ್ಟೇ ಚೆನ್ನಾಗಿ ಮಾಡಿದರೂ ಮೇಲಿನ ಕಟ್ಟಡ ನಿಲ್ಲುವುದು ಕಷ್ಟ. ಬಿರುಕಿನ ಮಾತೂ ಇಷ್ಟೇ. ಮೇಲ್ಭಾಗದ ಚೂರು ಒಡೆದರೆ ಸರಿಪಡಿಸಬಹುದು, ಬೇರು ಉದ್ದಕ್ಕೆ ಸೀಳಿದ್ದರೆ ಸಾಮಾನ್ಯವಾಗಿ ಕೀಳಲೇಬೇಕಾಗುತ್ತದೆ. ನೀವು ಈ ವಿಷಯಗಳನ್ನು ಅರ್ಧ ವಾಕ್ಯದಲ್ಲಿ ದಾಟಿದ್ದೀರಿ. ಲೇಖನದ ಬೆನ್ನುಮೂಳೆ ಇದೇ ಆಗಬೇಕಿತ್ತು.

ಎರಡನೆಯ ತಕರಾರು ನಿಮ್ಮ ಪಟ್ಟಿಯದು. ಕಾರಣಗಳನ್ನು ಒಂದರ ಕೆಳಗೊಂದು ಜೋಡಿಸಿ ಪ್ರತಿಯೊಂದಕ್ಕೂ ಎರಡೆರಡು ಸಾಲು ಕೊಟ್ಟಿದ್ದೀರಿ. ಹಲ್ಲುಗಳನ್ನು ಸಾಲಾಗಿಸಲು ತಂತಿ ಹಾಕುವ ಮುನ್ನ ಜಾಗಕ್ಕಾಗಿ ಕೋರೆಹಲ್ಲಿನ ಹಿಂದಿನ ಸಣ್ಣ ದವಡೆ ಹಲ್ಲನ್ನು ತೆಗೆಯುವುದುಂಟು. ಅದಕ್ಕೆ ಎರಡು ಸಾಲು ಸಾಕು. ಬುದ್ಧಿಹಲ್ಲಿಗೆ ಸಾಲದು. ಓದುಗರಲ್ಲಿ ಬಹಳ ಮಂದಿ ಹುಡುಕುವುದು ಅದನ್ನೇ. ‘ಬುದ್ಧಿಹಲ್ಲು ಅಡ್ಡವಾಗಿ ಬಂದರೆ ಕೀಳಿಸಬೇಕು’ ಎಂದು ಒಂದೇ ಏಟಿಗೆ ತೀರ್ಪು ಕೊಟ್ಟಿದ್ದೀರಿ. ಸಾಮಾನ್ಯವಾಗಿ 17ರಿಂದ 25 ವರ್ಷದ ನಡುವೆ ಹುಟ್ಟುವ ಈ ಹಲ್ಲು ಅರ್ಧ ಹೊರಬಂದು ಅರ್ಧ ಒಸಡಿನಲ್ಲೇ ಉಳಿದು ಮತ್ತೆಮತ್ತೆ ಸೋಂಕಾಗುತ್ತಿದ್ದರೆ, ಪಕ್ಕದ ದವಡೆ ಹಲ್ಲನ್ನು ಹುಳುಕಾಗಿಸುತ್ತಿದ್ದರೆ, ಸುತ್ತ ನೀರುಗಂಟು ಬೆಳೆದಿದ್ದರೆ ತೆಗೆಯಲು ಗಟ್ಟಿ ಕಾರಣವಿದೆ. ಯಾವ ಕಾಟವೂ ಕೊಡದೆ ಮೂಳೆಯೊಳಗೆ ಮಲಗಿರುವ ಹಲ್ಲಿನ ಪ್ರಶ್ನೆ ಬೇರೆ. ಬ್ರಿಟನ್ನಿನಲ್ಲಿ ಚಿಕಿತ್ಸೆಗಳಿಗೆ ಮಾರ್ಗಸೂಚಿ ರೂಪಿಸುವ ‘ನೈಸ್’ ಸಂಸ್ಥೆ 2000ನೇ ಇಸವಿಯಲ್ಲೇ ರೋಗವಿಲ್ಲದ ಬುದ್ಧಿಹಲ್ಲನ್ನು ಮುನ್ನೆಚ್ಚರಿಕೆಗೆಂದು ಕೀಳಬಾರದೆಂದು ಮಾರ್ಗಸೂಚಿ ಹೊರಡಿಸಿತು. ಎಲ್ಲ ದೇಶಗಳ ವೈದ್ಯರೂ ಅದನ್ನು ಹಾಗೇ ಒಪ್ಪುವುದಿಲ್ಲ. ಕಾದುನೋಡಿದರೆ ವಯಸ್ಸಾದಂತೆ ಶಸ್ತ್ರಚಿಕಿತ್ಸೆ ಕಷ್ಟವಾಗುತ್ತದೆ ಎಂಬ ವಾದವೂ ಇದೆ. ಕೆಳದವಡೆಯ ಬುದ್ಧಿಹಲ್ಲಿನ ಬೇರು ತುಟಿ ಮತ್ತು ಗಲ್ಲಕ್ಕೆ ಹೋಗುವ ನರದ ಪಕ್ಕದಲ್ಲೇ ಇರಬಹುದು, ಅದಕ್ಕೆ ಪೆಟ್ಟಾದರೆ ಆ ಭಾಗ ಮರಗಟ್ಟಬಹುದು. ಆದ್ದರಿಂದಲೇ ಮೊದಲು ಎಕ್ಸ್‌ರೇ, ಕೆಲವೊಮ್ಮೆ ಸ್ಕ್ಯಾನ್. ಈ ಎರಡೂ ಕಡೆಯ ಮಾತನ್ನು ಓದುಗರ ಮುಂದಿಡಿ, ಅವರು ತೂಗಿ ನೋಡಲಿ.

ಹಾಲುಹಲ್ಲಿನ ಬಗ್ಗೆ ‘ಹೇಗೂ ಬೀಳುವ ಹಲ್ಲು, ಕೀಳಿಸಿದರೆ ತೊಂದರೆಯಿಲ್ಲ’ ಎಂಬ ಸಾಲನ್ನು ದಯವಿಟ್ಟು ತೆಗೆದುಹಾಕಿ. ಅದು ಕೆಳಗೆ ಬೆಳೆಯುತ್ತಿರುವ ಶಾಶ್ವತ ಹಲ್ಲಿಗೆ ಜಾಗ ಕಾದಿಟ್ಟಿರುತ್ತದೆ. ಅವಧಿಗೆ ಮುನ್ನ ತೆಗೆದರೆ ಪಕ್ಕದವು ವಾಲಿ ಜಾಗ ಮುಚ್ಚಬಹುದು. ಬೀಳದೆ ಉಳಿದ ಹಾಲುಹಲ್ಲನ್ನೂ ಎಕ್ಸ್‌ರೇ ನೋಡದೆ ಮುಟ್ಟುವಂತಿಲ್ಲ. ಕೆಳಗೆ ಶಾಶ್ವತ ಹಲ್ಲೇ ಇಲ್ಲದಿದ್ದರೆ ಆ ಹಾಲುಹಲ್ಲನ್ನೇ ಜೋಪಾನ ಮಾಡುವುದು ಒಳ್ಳೆಯದಿರಬಹುದು.

ಇನ್ನು ಇತಿಹಾಸ. 1844ರ ಡಿಸೆಂಬರಿನಲ್ಲಿ ಹೊರೇಸ್ ವೆಲ್ಸ್ ಎಂಬ ಅಮೆರಿಕದ ದಂತವೈದ್ಯ ನಗೆಅನಿಲ ಉಸಿರಾಡಿ ತನ್ನದೇ ಹಲ್ಲು ಕೀಳಿಸಿಕೊಂಡ ಪ್ರಸಂಗಕ್ಕೆ ಎರಡು ಪುಟ ಕೊಟ್ಟಿದ್ದೀರಿ. ಚೆನ್ನಾಗಿ ಬರೆದಿದ್ದೀರಿ, ಆದರೂ ಅದು ಅರಿವಳಿಕೆಯ ಕಥೆ. ನಿಮ್ಮ ಪ್ರಶ್ನೆ ‘ಯಾವಾಗ’ ಎಂಬುದು. ಅದಕ್ಕೆ ಹೊಂದುವ ಇತಿಹಾಸ ಬೇಕಿದ್ದರೆ ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಹೋಗಿ. 1910ರಲ್ಲಿ ವಿಲಿಯಂ ಹಂಟರ್ ಎಂಬ ಬ್ರಿಟಿಷ್ ವೈದ್ಯ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಮಾತಾಡುತ್ತ, ದೇಹದ ಅನೇಕ ಕಾಯಿಲೆಗಳಿಗೆ ಬಾಯಿಯ ಸೋಂಕೇ ಮೂಲವೆಂದ. ಆ ವಾದ ಹಬ್ಬಿದ ಮೇಲೆ ಸಂಧಿವಾತಕ್ಕೆ, ದಣಿವಿಗೆ, ಕಾರಣ ತಿಳಿಯದ ಬೇನೆಗಳಿಗೆಲ್ಲ ಹಲ್ಲು ಕೀಳುವುದು ಚಿಕಿತ್ಸೆಯಾಯಿತು. ನ್ಯೂಜೆರ್ಸಿಯ ಟ್ರೆಂಟನ್ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥ ಹೆನ್ರಿ ಕಾಟನ್ ಹುಚ್ಚಿಗೂ ಸೋಂಕೇ ಕಾರಣವೆಂದು ರೋಗಿಗಳ ಹಲ್ಲುಗಳನ್ನು ಕೀಳಿಸಿದ, ಅಲ್ಲಿಗೆ ನಿಲ್ಲದೆ ಕರುಳಿನ ಭಾಗಗಳನ್ನೂ ತೆಗೆಸಿದ, ಆ ಶಸ್ತ್ರಚಿಕಿತ್ಸೆಗಳಲ್ಲಿ ಅನೇಕರು ಸತ್ತರು. ಓದುವಾಗ ಹೊಟ್ಟೆ ಉರಿಯುತ್ತದೆ. ಕಾರಣವನ್ನು ಖಚಿತಪಡಿಸಿಕೊಳ್ಳದೆ ಹಲ್ಲಿಗೆ ಕೈಹಾಕಬಾರದೆಂದು ಹೇಳಲು ಇದಕ್ಕಿಂತ ಬಲವಾದ ಸಾಕ್ಷಿ ನಿಮಗೆ ಸಿಗುವುದಿಲ್ಲ. ಇಂದಿಗೂ ಈ ಮಾತಿಗೆ ಅರ್ಥವಿದೆ. ಮೇಲ್ದವಡೆಯ ಹಿಂದಿನ ಹಲ್ಲುಗಳು ಸೈನಸ್ ಸೋಂಕಿನಿಂದಲೂ ನೋಯಬಹುದು, ಮುಖದ ನರದ ಬೇನೆ ಹಲ್ಲುನೋವಿನ ವೇಷದಲ್ಲಿ ಬರಬಹುದು. ಹಲ್ಲು ಕಿತ್ತರೂ ಆ ನೋವು ಹೋಗುವುದಿಲ್ಲ.

‘ಮೊದಲು ಆ್ಯಂಟಿಬಯಾಟಿಕ್ ತೆಗೆದುಕೊಂಡು ನೋಡಿ, ವಾಸಿಯಾಗದಿದ್ದರೆ ಕೀಳಿಸಿ’ ಎಂಬ ನಿಮ್ಮ ಸಲಹೆಯನ್ನು ನಾನು ಅಚ್ಚಿಗೆ ಬಿಡಲಾರೆ. ಸತ್ತ ತಿರುಳಿಗೆ ರಕ್ತ ಹರಿಯುವುದಿಲ್ಲ, ಮಾತ್ರೆ ಅಲ್ಲಿಗೆ ತಲುಪುವುದೂ ಇಲ್ಲ. ಊತ ತಾತ್ಕಾಲಿಕವಾಗಿ ಇಳಿಯಬಹುದು, ಸೋಂಕಿನ ಮೂಲ ಅಲ್ಲೇ ಇರುತ್ತದೆ. ಅದರ ಬದಲು ಅಪಾಯದ ಚಿಹ್ನೆಗಳನ್ನು ಬರೆಯಿರಿ, ಅವು ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ. ಊತ ಕುತ್ತಿಗೆಯತ್ತ ಅಥವಾ ಕಣ್ಣಿನತ್ತ ಹರಡುವುದು, ಜ್ವರ, ಬಾಯಿ ತೆರೆಯಲಾಗದಿರುವುದು, ನಾಲಗೆಯ ಕೆಳಗೆ ಬಾವು, ನುಂಗಲು ಅಥವಾ ಉಸಿರಾಡಲು ಕಷ್ಟವಾಗುವುದು. ಇವುಗಳಲ್ಲಿ ಯಾವುದಾದರೂ ಕಂಡರೆ ಮರುದಿನದ ಅಪಾಯಿಂಟ್‌ಮೆಂಟಿಗೆ ಕಾಯದೆ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು. ಒಂದು ಜೀವ ಉಳಿಸಬಲ್ಲ ಸಾಲುಗಳಿವು.

ವೈದ್ಯರಿಗೆ ಮೊದಲೇ ಹೇಳಬೇಕಾದ ಸಂಗತಿಗಳೂ ಬಿಟ್ಟುಹೋಗಿವೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಅದನ್ನು ತಾವಾಗಿಯೇ ನಿಲ್ಲಿಸಬಾರದು, ನಿಲ್ಲಿಸಿದರೆ ಪಾರ್ಶ್ವವಾಯುವಿನ ಅಪಾಯವಿದೆ. ಅನೇಕರಿಗೆ ಮಾತ್ರೆ ಮುಂದುವರಿಸಿಕೊಂಡೇ ಹಲ್ಲು ತೆಗೆಯಲಾಗುತ್ತದೆ. ಮೂಳೆ ಸವೆತಕ್ಕೆ ಅಥವಾ ಕ್ಯಾನ್ಸರಿಗೆ ಕೊಡುವ ಕೆಲವು ಔಷಧಗಳು, ದವಡೆಗೆ ಆದ ವಿಕಿರಣ ಚಿಕಿತ್ಸೆ ಇವು ಕಿತ್ತ ಜಾಗದ ಮೂಳೆ ವಾಸಿಯಾಗದಂತೆ ಮಾಡಬಲ್ಲವು. ಹೀಗಾಗಿ ಉಳಿಯದ ಹಲ್ಲುಗಳನ್ನು ವಿಕಿರಣಕ್ಕೆ ಮೊದಲೇ ತೆಗೆಯುವುದುಂಟು. ಸಕ್ಕರೆ ಕಾಯಿಲೆ, ಹೃದಯದ ಕೃತಕ ಕವಾಟ, ಬಸಿರು ಇವನ್ನೂ ಸೇರಿಸಿ.

ಕಿತ್ತ ನಂತರ ಏನು ಎಂಬುದಕ್ಕೆ ನಿಮ್ಮಲ್ಲಿ ಒಂದು ಸಾಲೂ ಇಲ್ಲ. ಗುಳಿಯಲ್ಲಿ ಹೆಪ್ಪುಗಟ್ಟಿದ ರಕ್ತವೇ ಮೂಳೆಗೆ ಹೊದಿಕೆ. ಮೊದಲ 24 ಗಂಟೆ ಜೋರಾಗಿ ಬಾಯಿ ಮುಕ್ಕಳಿಸುವುದು, ಸ್ಟ್ರಾದಿಂದ ಹೀರುವುದು ಬೇಡ. ಧೂಮಪಾನ ಇನ್ನೂ ಹೆಚ್ಚು ದಿನ ಬೇಡ. ಆ ಹೆಪ್ಪು ಕಳಚಿದರೆ ಇಳಿಯಬೇಕಿದ್ದ ನೋವು ಎರಡು ಮೂರು ದಿನಗಳ ಬಳಿಕ ಏರತೊಡಗಿ ಕಿವಿಯವರೆಗೂ ಹರಡುತ್ತದೆ. ಆಗ ಮತ್ತೆ ವೈದ್ಯರನ್ನು ಕಾಣಬೇಕು. ಖಾಲಿ ಜಾಗದ ಮಾತೂ ಬರಲಿ: ಪಕ್ಕದ ಹಲ್ಲು ವಾಲುವುದು, ಎದುರು ದವಡೆಯ ಹಲ್ಲು ಕೆಳಗಿಳಿಯುವುದು ಅಥವಾ ಮೇಲೇಳುವುದು, ಮೊದಲ ವರ್ಷದಲ್ಲೇ ಮೂಳೆಯ ಅಗಲ ಗಣನೀಯವಾಗಿ ಕುಗ್ಗುವುದು. ಇಂಪ್ಲಾಂಟ್ (ಮೂಳೆಯಲ್ಲಿ ಕೂರಿಸುವ ಕೃತಕ ಬೇರು), ಬ್ರಿಡ್ಜ್ (ಪಕ್ಕದ ಹಲ್ಲುಗಳ ಆಸರೆಯಲ್ಲಿ ನಿಲ್ಲುವ ಕೃತಕ ಹಲ್ಲು) ಅಥವಾ ಹಲ್ಲಿನ ಸೆಟ್ಟಿನ ಯೋಚನೆಯನ್ನು ಕೀಳಿಸುವ ಮೊದಲೇ ಮಾಡಬೇಕೆಂಬುದಕ್ಕೆ ಕಾರಣ ಅದು. ಬುದ್ಧಿಹಲ್ಲಿಗೆ ಮಾತ್ರ ಬದಲಿ ಬೇಕಿಲ್ಲ.

ಮೆಚ್ಚಿದ್ದನ್ನೂ ಹೇಳುತ್ತೇನೆ. ಅರಿವಳಿಕೆ ಕೊಟ್ಟ ಮೇಲೆ ನೋವು ತಿಳಿಯದಿದ್ದರೂ ಒತ್ತಡ ಮತ್ತು ಎಳೆತ ತಿಳಿಯುತ್ತದೆ, ಅದಕ್ಕೆ ಹೆದರಬೇಕಿಲ್ಲ ಎಂದು ವಿವರಿಸಿದ ಪ್ಯಾರಾ ಅತ್ಯುತ್ತಮವಾಗಿದೆ. ಅದನ್ನು ಓದಿದವರು ಕುರ್ಚಿಯಲ್ಲಿ ಧೈರ್ಯವಾಗಿ ಕೂರುತ್ತಾರೆ. ಮೇಲಿನ ಹಲ್ಲು ಕಿತ್ತರೆ ದೃಷ್ಟಿ ಹೋಗುತ್ತದೆಂಬ ನಂಬಿಕೆಯನ್ನು ಅಲ್ಲಗಳೆದ ರೀತಿಯೂ ಸೊಗಸಾಗಿದೆ. ಅದೇ ಕೈ ಬೇರೆ ಕಡೆ ‘ಭಯಾನಕ ಇಕ್ಕಳ’, ‘ರಕ್ತಸಿಕ್ತ ಬಟ್ಟೆ’ ಎಂದು ಬರೆದದ್ದೇಕೆ? ಹೆದರಿದವರು ಹಲ್ಲು ಇನ್ನಷ್ಟು ಕೆಡುವವರೆಗೆ ಮುಂದೂಡುತ್ತಾರೆ. ಆ ವಿಶೇಷಣಗಳನ್ನೆಲ್ಲ ಕಿತ್ತುಹಾಕಿ.

ತಿದ್ದಿದ ಪ್ರತಿಯನ್ನು ನಮಗೆ ಕಳುಹಿಸುವ ಮೊದಲು ದಂತವೈದ್ಯರೊಬ್ಬರಿಗೆ ಓದಲು ಕೊಡಿ. ಆರಂಭ ಹೇಗಿರಬೇಕೆಂದು ಕೇಳಿದ್ದೀರಿ. ‘ಇದನ್ನು ಕೀಳಬೇಕು’ ಎಂದು ವೈದ್ಯರು ಹೇಳಿದಾಗ ರೋಗಿ ಕೇಳಬೇಕಾದ ಪ್ರಶ್ನೆಗಳಿಂದ ಶುರುಮಾಡಿ: ಎಕ್ಸ್‌ರೇಯಲ್ಲಿ ಏನು ಕಾಣುತ್ತಿದೆ, ಉಳಿಸುವ ದಾರಿ ಇದೆಯೇ, ಉಳಿಸಿದರೆ ಎಷ್ಟು ಕಾಲ ಬಾಳಬಹುದು, ಈಗ ಕೀಳದಿದ್ದರೆ ಏನಾಗುತ್ತದೆ, ಕಿತ್ತರೆ ಆ ಜಾಗಕ್ಕೆ ಏನು. ಮುಂದಿನ ಪ್ರತಿಯನ್ನು ನಾನೇ ಓದುತ್ತೇನೆ.

ವಿಶ್ವಾಸದಿಂದ,
ಸಂಪಾದಕ