ವಿಕಿರಣದ ಅಪಾಯಕ್ಕೆ ದೂರವೊಂದೇ ಅಳತೆಯೇ?

ಪ್ರಶ್ನೆ: ಕೈಗಾದಲ್ಲಿ ತಲಾ 700 ಮೆಗಾವಾಟ್‌ನ 5 ಮತ್ತು 6ನೇ ಘಟಕಗಳು ಬರುತ್ತಿವೆ. ಅಣುಸ್ಥಾವರಕ್ಕೆ ಜಾಗ ಗೊತ್ತುಮಾಡುವಾಗ ವಿಕಿರಣದ ಅಪಾಯವನ್ನು ಹೇಗೆ ಅಂದಾಜು ಮಾಡುತ್ತಾರೆ? ತುರ್ತು ಯೋಜನೆಯ 16 ಕಿ.ಮೀ. ವಲಯದಿಂದ ಬಹಳ ಹೊರಗಿರುವ ನಾವು ನಿಶ್ಚಿಂತರಾಗಿರಬಹುದೇ?
– ಓದುಗರೊಬ್ಬರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಕೈಗಾದಿಂದ ಹುಬ್ಬಳ್ಳಿಗೆ ನೇರ ಅಂತರ ಸುಮಾರು 90 ಕಿ.ಮೀ. ಸ್ಥಾವರ ಸರಿಯಾಗಿ ನಡೆಯುತ್ತಿರುವ ದಿನಗಳಲ್ಲಿ ಇಷ್ಟು ದೂರದವರು ಆತಂಕಪಡಬೇಕಾಗಿಲ್ಲ. ಸಾರ್ವಜನಿಕರಿಗೆ ಸ್ಥಾವರದಿಂದ ತಗಲುವ ವಿಕಿರಣ ವರ್ಷಕ್ಕೆ 1 ಮಿಲಿಸೀವರ್ಟ್ (ದೇಹಕ್ಕೆ ತಗಲುವ ವಿಕಿರಣದ ಅಳತೆ) ಮೀರಬಾರದೆಂಬುದು ನಿಯಮ. ಮಣ್ಣು, ಕಲ್ಲು, ಆಕಾಶಗಳಿಂದ ಜಗತ್ತಿನ ಜನರಿಗೆ ಸಹಜವಾಗಿಯೇ ತಗಲುವ ಸರಾಸರಿ ಪ್ರಮಾಣ ಸುಮಾರು 2.4 ಮಿಲಿಸೀವರ್ಟ್.

ಜಾಗದ ಪರೀಕ್ಷೆಯಲ್ಲಿ ಎರಡು ವಿಷಯಗಳನ್ನು ನೋಡುತ್ತಾರೆ. ಮೊದಲನೆಯದು, ಆ ಜಾಗ ಸ್ಥಾವರಕ್ಕೆ ಏನು ಮಾಡೀತು ಎಂಬುದು: ಭೂಕಂಪ, ನೆಲದಡಿಯ ಬಿರುಕು, ಪ್ರವಾಹ. ಕೈಗಾದಂಥ ಕಾಳಿ ನದಿಯ ದಂಡೆಯ ಸ್ಥಾವರವೆಂದರೆ ಮೇಲ್ಭಾಗದ ಸೂಪಾ, ಕೊಡಸಳ್ಳಿ ಅಣೆಕಟ್ಟುಗಳು ಒಡೆದರೆ ನೀರು ಎಲ್ಲಿಯವರೆಗೆ ಏರೀತು ಎಂಬುದೂ ಲೆಕ್ಕಕ್ಕೆ ಬರಲೇಬೇಕು. 2011ರಲ್ಲಿ ಜಪಾನಿನ ಫುಕುಶಿಮಾ ಅಣುಸ್ಥಾವರದ ತುರ್ತು ಜನರೇಟರುಗಳನ್ನು ಕೆಡಿಸಿದ್ದು ಉಕ್ಕಿಬಂದ ಸಮುದ್ರದ ನೀರೇ. ಎರಡನೆಯದು, ಸ್ಥಾವರದಿಂದ ಹೊರಬಿದ್ದದ್ದು ಯಾವ ದಾರಿಯಲ್ಲಿ ಮನುಷ್ಯನನ್ನು ಮುಟ್ಟೀತು ಎಂಬುದು. ತಮ್ಮ ಪ್ರಶ್ನೆಯ ತಿರುಳು ಇಲ್ಲಿದೆ.

ನೀರಿನ ದಾರಿ ನಮ್ಮ ಕಡೆಗಿಲ್ಲ. ಕಾಳಿ ಪಶ್ಚಿಮಕ್ಕೆ ಹರಿದು ಕಾರವಾರದ ಬಳಿ ಕಡಲು ಸೇರುತ್ತದೆ. ಅವಳಿ ನಗರಕ್ಕೆ ಮುಖ್ಯವಾಗಿ ಬರುವುದು ಸವದತ್ತಿಯ ನವಿಲುತೀರ್ಥದಲ್ಲಿ ತಡೆದ ಮಲಪ್ರಭೆಯ ನೀರು.

ಗಾಳಿಯ ದಾರಿ ಹಾಗಲ್ಲ. ಕೈಗಾ ನಮಗೆ ನೈಋತ್ಯಕ್ಕಿದೆ, ಮುಂಗಾರಿನ ಗಾಳಿ ಬೀಸುವುದೂ ಅದೇ ದಿಕ್ಕಿನಿಂದ. ಘಟ್ಟದ ಜಡಿಮಳೆ ಗಾಳಿಯಲ್ಲಿ ಬರುವ ವಿಕಿರಣಶೀಲ ಕಣಗಳಲ್ಲಿ ಬಹುಪಾಲನ್ನು ಅಲ್ಲಿಯೇ ನೆಲಕ್ಕಿಳಿಸಬಹುದು. ಆದರೆ ಎಲ್ಲಿ ಎಷ್ಟು ಇಳಿಯುತ್ತದೆ ಎಂಬುದನ್ನು ನಕ್ಷೆಯ ಮೇಲಿನ ವೃತ್ತ ಹೇಳಲಾರದು. ಫುಕುಶಿಮಾದಲ್ಲಿ ಮೊದಲು 20 ಕಿ.ಮೀ. ಒಳಗಿನವರನ್ನು ತೆರವುಗೊಳಿಸಿದರು, ಆದರೆ ಗಾಳಿ ವಾಯವ್ಯಕ್ಕೆ ತಿರುಗಿ, ಮಳೆ ಹಿಮಗಳೂ ಕೂಡಿಬಂದದ್ದರಿಂದ ಸುಮಾರು 40 ಕಿ.ಮೀ. ದೂರದ ಈಟಾಟೆ ಗ್ರಾಮದವರೂ ಅನಂತರ ಮನೆ ಬಿಡಬೇಕಾಯಿತು.

ಇನ್ನೊಂದು ದಾರಿ ಹಾಲಿನದು. ಅವಘಡದಲ್ಲಿ ಹೊರಬೀಳುವ ವಿಕಿರಣಶೀಲ ಅಯೋಡಿನ್–131 ಹುಲ್ಲಿನ ಮೇಲೆ ಕುಳಿತು, ಅದನ್ನು ಮೇಯ್ದ ಆಕಳಿನ ಹಾಲಿಗಿಳಿದು, ಕುಡಿದ ಮಗುವಿನ ಥೈರಾಯ್ಡ್ ಗ್ರಂಥಿಯಲ್ಲಿ ನಿಲ್ಲುತ್ತದೆ. 1986ರ ಚೆರ್ನೋಬಿಲ್ ಅವಘಡದ ನಂತರ ಮಕ್ಕಳಲ್ಲಿ ಥೈರಾಯ್ಡ್ ಕ್ಯಾನ್ಸರ್ ಹೆಚ್ಚಲು ಇಂಥ ಹಾಲೇ ಮುಖ್ಯ ಕಾರಣ. ಕಲಘಟಗಿ, ಅಳ್ನಾವರದ ಕಡೆ ದನಗಳು ಹಸಿ ಹುಲ್ಲು ಮೇಯುವುದೂ ಮುಂಗಾರಿನಲ್ಲಿಯೇ ಎಂಬುದನ್ನು ಗಮನಿಸಬೇಕು. ಆದರೆ ಈ ಅಯೋಡಿನ್ 8 ದಿನಕ್ಕೊಮ್ಮೆ ಅರ್ಧಕ್ಕಿಳಿಯುತ್ತದೆ. ಎಚ್ಚರಿಕೆ ಸಕಾಲಕ್ಕೆ ತಲುಪಿದರೆ ದನಗಳನ್ನು ಕೊಟ್ಟಿಗೆಯಲ್ಲೇ ಕಟ್ಟಿ, ಮುಚ್ಚಿಟ್ಟ ಜೋಳದ ಕಣಿಕೆ ಹಾಕಿ ಆ ಕೆಲವು ವಾರಗಳನ್ನು ದಾಟಿಸಬಹುದು. ಅರ್ಧಕ್ಕಿಳಿಯಲು 30 ವರ್ಷ ಬೇಕಾಗುವ ಇನ್ನೊಂದು ವಿಕಿರಣಶೀಲ ವಸ್ತು ಸೀಸಿಯಂ–137ರ ವಿಷಯದಲ್ಲಿ ಈ ಉಪಾಯ ಸಾಲದು. ಅದು ಮಣ್ಣಿನಲ್ಲಿ ಬಹುಕಾಲ ಉಳಿಯುತ್ತದೆ.

ಭಾರಿ ಅವಘಡದ ಸಂಭವ ಬಹಳ ಕಡಿಮೆಯೆಂಬುದನ್ನು ನಾನು ಒಪ್ಪುತ್ತೇನೆ. ಆದರೂ ತುರ್ತು ಸಿದ್ಧತೆಯ ಮಾಹಿತಿ 16 ಕಿ.ಮೀ.ಗೇ ನಿಲ್ಲುವುದು ನನಗೆ ಸರಿಯೆನಿಸುವುದಿಲ್ಲ. ಕೈಗಾದ ಗಾಳಿಯ ದಿಕ್ಕು ವೇಗಗಳ ತಿಂಗಳವಾರು ದಾಖಲೆ, ಹಾಲು ಹುಲ್ಲುಗಳ ಪರೀಕ್ಷೆಯ ಫಲಿತಾಂಶ, ಎಚ್ಚರಿಕೆ ಹಳ್ಳಿಗೆ ಯಾರಿಂದ ಬರಬೇಕೆಂಬ ವಿವರ, ಈ ಮೂರೂ ಘಟ್ಟದ ಮೇಲಿನ ಧಾರವಾಡ, ಹಾವೇರಿ ಜಿಲ್ಲೆಗಳ ಜನರಿಗೂ ಕನ್ನಡದಲ್ಲಿ ಸಿಗಬೇಕು. ತಾವು ಜಿಲ್ಲಾಡಳಿತಕ್ಕೆ ಪತ್ರ ಬರೆಯುವುದಾದರೆ ಇವುಗಳನ್ನೇ ಕೇಳಿರಿ.