ಮುಚ್ಚಿಡಲು ಏನೂ ಇಲ್ಲ ಅಂತ ನಾನೂ ಹೇಳುತ್ತಿದ್ದೆ

ಖಾಸಗಿತನಕ್ಕಿಂತ ಭದ್ರತೆಯೇ ತೂಕದ್ದು, ತಪ್ಪು ಮಾಡದವನು ದೇಶದ ಭದ್ರತೆಗಾಗಿ ತನ್ನ ವಿವರ ಕೊಡಲು ಯಾಕೆ ಹಿಂಜರಿಯಬೇಕು ಅಂತ ಕೇಳಿದ್ದೀರಿ. 2017ರಲ್ಲಿ ನಾನೂ ಇದೇ ಮಾತು ಹೇಳುತ್ತಿದ್ದೆ.

ಆಗ ತುಮಕೂರಿನ ಅಂತರಸನಹಳ್ಳಿ ಮಾರುಕಟ್ಟೆಯಲ್ಲಿ, ಒಂದು ತರಕಾರಿ ಮಂಡಿಯ ಲೆಕ್ಕ ಬರೆಯುತ್ತಿದ್ದೆ. ಬಿ.ಎಚ್. ರಸ್ತೆಯಲ್ಲಿ ಕೊಡೆ ಹಾಕಿಕೊಂಡು ಸಿಮ್ ಮಾರುತ್ತಿದ್ದ ಹುಡುಗನ ಹತ್ತಿರ ಒಂದು ಸಿಮ್ ತಗೊಂಡೆ. ಆಧಾರ್ ನಂಬರ್ ಹೇಳಿ, ಅವನ ಮೊಬೈಲಿಗೆ ಸಿಕ್ಕಿಸಿದ್ದ ಬೆರಳಚ್ಚು ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಿದೆ. "ಸರಿಯಾಗಿ ಬಿದ್ದಿಲ್ಲ ಅಣ್ಣಾ, ಇನ್ನೊಂದ್ಸಲ ಒತ್ತಿ" ಅಂದ. ಒತ್ತಿದೆ.

ಆ ಎರಡನೇ ಸಲವೇ ನನ್ನ ತಪ್ಪು. ಮೊದಲನೆಯದು ಸರಿಯಾಗೇ ಬಿದ್ದಿತ್ತು. ಮೊಬೈಲ್ ಅವನ ಕಡೆಗೆ ತಿರುಗಿತ್ತು. "ಏನು ಬಂತು ತೋರಿಸಪ್ಪಾ" ಅಂತ ನಾನು ಕೇಳಲಿಲ್ಲ. ಈರುಳ್ಳಿ ಮೂಟೆಯಾದರೆ ತೂಕ ಕಣ್ಣಾರೆ ನೋಡದೆ ಚೀಟಿ ಬರೆಯುತ್ತಿರಲಿಲ್ಲ. ಬೆರಳಿಗೆ ಮಾತ್ರ ಲೆಕ್ಕ ಇಡಲಿಲ್ಲ. ಎರಡನೇ ಸಲ ಒತ್ತಿದ್ದಕ್ಕೆ ನನ್ನ ಹೆಸರಲ್ಲಿ ಇನ್ನೊಂದು ಸಿಮ್ ಚಾಲೂ ಆಯಿತು.

ಎಂಟು ತಿಂಗಳ ಮೇಲೆ ಬೇರೆ ಜಿಲ್ಲೆಯ ಪೊಲೀಸರು ಫೋನ್ ಮಾಡಿದರು. ಆ ನಂಬರಿನಿಂದ ಯಾರೋ ಬ್ಯಾಂಕಿನವರ ಹಾಗೆ ಮಾತಾಡಿ, ವಯಸ್ಸಾದವರೊಬ್ಬರ ದುಡ್ಡು ಎಗರಿಸಿದ್ದರು. ಮೂರು ಸಲ ಠಾಣೆಗೆ ಅಲೆದೆ. ಮಂಡಿಯ ಕೆಲಸ ಹೋಯಿತು. ಅಪ್ಪ ಎರಡು ತಿಂಗಳು ಊರಿನ ಅರಳಿಕಟ್ಟೆ ಕಡೆ ಹೋಗಲಿಲ್ಲ.

ನನ್ನನ್ನು ಉಳಿಸಿದ್ದೂ ಪೊಲೀಸರೇ. ಕಾಲ್ ರೆಕಾರ್ಡ್ ತರಿಸಿ ಟವರ್ ನೋಡಿದರು. ಕರೆ ಹೋದ ದಿನ ಆ ಸಿಮ್ ತುಮಕೂರಿನ ಹತ್ತಿರವೂ ಇರಲಿಲ್ಲ. ಹಾಗಾಗಿ ಸರ್ಕಾರ ಏನನ್ನೂ ನೋಡಬಾರದು ಅಂತ ನಾನು ಹೇಳಲ್ಲ. ಆದರೆ ಅವರು ನೋಡಿದ್ದು ಒಂದು ದೂರಿಗೆ ಒಂದು ನಂಬರ್, ಅಷ್ಟೇ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಅಂದರು. ಕೇಸು ಹಾಕಿದ್ದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ಹಕ್ಕಿಗೆ ಕೈ ಹಾಕಬೇಕಾದರೆ ಒಂದು ಕಾನೂನು ಇರಬೇಕು, ಸರಿಯಾದ ಕಾರಣ ಇರಬೇಕು, ಬೇಕಾದಷ್ಟನ್ನು ಮಾತ್ರ ಮುಟ್ಟಬೇಕು ಅನ್ನುವ ಲೆಕ್ಕ ಬಂದಿದ್ದು ಆ ತೀರ್ಪಿನಿಂದ.

ಖಾಸಗಿತನ ಒಂದು ತಟ್ಟೆ, ಭದ್ರತೆ ಇನ್ನೊಂದು ತಟ್ಟೆ ಅನ್ನುವ ನಿಮ್ಮ ತಕ್ಕಡಿಯೇ ಸರಿಯಿಲ್ಲ. ನಾನು ಕೇಳಿದಾಗೆಲ್ಲ ಬೆರಳು ಒತ್ತಿದ್ದರಿಂದ ದೇಶಕ್ಕೆ ಯಾವ ಭದ್ರತೆ ಸಿಕ್ಕಿತು? ಕಳ್ಳನಿಗೆ ಅಡಗಿಕೊಳ್ಳಲು ನನ್ನ ಹೆಸರು ಸಿಕ್ಕಿತು.

ಆಧಾರ್ ಪ್ರತಿ ಕೊಡಲೇಬೇಕಾದರೆ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ. ಆಧಾರ್‌ನಲ್ಲಿರುವ ನಿಮ್ಮ ಬೆರಳಚ್ಚನ್ನು ಯಾರೂ ಬಳಸದ ಹಾಗೆ ಲಾಕ್ ಮಾಡಿಡಿ. ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇವೆ ಅಂತ ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಪೋರ್ಟಲಿನಲ್ಲಿ ಇವತ್ತೇ ನೋಡಿ. 2023ರಲ್ಲಿ ಅದು ಶುರುವಾದಾಗ ನಾನು ನೋಡಿದರೆ, ನನಗೆ ಗೊತ್ತೇ ಇಲ್ಲದ ಮತ್ತೊಂದು ನಂಬರ್ ಅಲ್ಲಿತ್ತು.