ಕೀಲಿ ಎಲ್ಲಿದೆಯೋ ಕೋವಿ ಅಲ್ಲೇ ಇದೆ

ಪತ್ರದ ಸಾರ: ನೆರೆಮನೆಯಲ್ಲಿ ಹಾಡಹಗಲೇ ಕಳ್ಳತನವಾಗಿದೆ. ಓದುಗರ ಮನೆಯಲ್ಲಿ ಪರವಾನಗಿ ಇರುವ ಒಂದು ಜೋಡುನಳಿಗೆ ಕೋವಿಯೂ ಒಂದು ಬೋಲ್ಟ್ ಆ್ಯಕ್ಷನ್ ರೈಫಲ್ಲೂ ಇವೆ. ಎರಡಕ್ಕೂ ಟ್ರಿಗರ್ ಲಾಕ್ ಹಾಕಿ ಬಟ್ಟೆಯ ಬೀರುವಿನಲ್ಲಿ ನಿಲ್ಲಿಸುತ್ತಾರೆ. ತೋಟಾಗಳ ಡಬ್ಬವೂ ಅದರಲ್ಲೇ ಇದೆ. ಬೀರುವಿನ ಕೀಲಿ ಮಡಿಸಿಟ್ಟ ಬಟ್ಟೆಗಳ ಅಡಿಯಲ್ಲಿರುತ್ತದೆ. ಗಂಡ ಹೆಂಡತಿ ಇಬ್ಬರೂ ಹಗಲು ಕೆಲಸಕ್ಕೆ ಹೋಗುತ್ತಾರೆ. ಇಷ್ಟು ಸಾಕೇ, ಸೇಫ್ ಕೊಳ್ಳಬೇಕೇ, ಕೊಂಡರೆ ಎಂಥದ್ದನ್ನು ಎಲ್ಲಿ ಇಡಬೇಕು, ಬಾಡಿಗೆ ಮನೆಗೆ ಹೋದರೆ ಏನು ಮಾಡಬೇಕು ಎಂಬುದು ಅವರ ಪ್ರಶ್ನೆ.

ಸಂಪಾದಕರ ಉತ್ತರ:

ಸಾಕಾಗುವುದಿಲ್ಲ. ಟ್ರಿಗರ್ ಲಾಕ್ ಇರುವುದು ಮನೆಯ ಮಗುವೋ ಬಂದ ಅತಿಥಿಯೋ ಕೋವಿ ಎತ್ತಿಕೊಂಡಾಗ ಅದು ಹಾರದಿರಲಿ ಎಂದು. ಆ ಕೆಲಸಕ್ಕೆ ಅದು ಬೇಕೇ ಬೇಕು. ಆದರೆ ಕಳ್ಳ ಬೀಗದ ಸಮೇತ ಕೋವಿಯನ್ನು ಹೊತ್ತುಕೊಂಡು ಹೋಗುತ್ತಾನೆ, ಬೀಗವನ್ನು ತನ್ನ ಜಾಗದಲ್ಲಿ ಪುರಸೊತ್ತಾಗಿ ಕತ್ತರಿಸುತ್ತಾನೆ. ಕೋವಿಯೊಳಗೆ ಉಕ್ಕಿನ ಹಗ್ಗ ತೂರಿಸಿ ಹಾಕುವ ಕೇಬಲ್ ಲಾಕ್ ಕೂಡ ಅಷ್ಟೇ. ಬಟ್ಟೆ ಬೀರುವಿನ ತಗಡು ಸಾಮಾನ್ಯವಾಗಿ ಒಂದು ಮಿಲಿಮೀಟರ್‌ಗೂ ತೆಳು. ಹಾರೆಯ ತುದಿ ಸಂದಿಗೆ ಸಿಕ್ಕಿತೆಂದರೆ ಬಾಗಿಲು ಮಡಚಿಕೊಳ್ಳುತ್ತದೆ.

ಯಾವ ಸೇಫೂ ಒಡೆಯಲಾಗದ್ದಲ್ಲ. ಅದು ಕೊಡುವುದು ಹೊತ್ತು ಮಾತ್ರ. ಮನೆಗೆ ನುಗ್ಗಿದವನು ಬೇಗ ಹೊರಬೀಳಬೇಕೆಂಬ ಅವಸರದಲ್ಲಿರುತ್ತಾನೆ. ಕೋವಿ ಕೈಗೆ ಸಿಗಲು ಅವನ ಬಳಿ ಇರುವುದಕ್ಕಿಂತ ಹೆಚ್ಚು ಹೊತ್ತು ಬೇಕಾಗಬೇಕು, ಮಾಡುವ ಕೆಲಸದಲ್ಲಿ ಸದ್ದೂ ಹೆಚ್ಚಾಗಬೇಕು. ನೀವು ಖರ್ಚು ಮಾಡುವ ಪ್ರತಿಯೊಂದನ್ನೂ ಈ ಲೆಕ್ಕದಲ್ಲೇ ಅಳೆಯಿರಿ.

ಈ ಲೆಕ್ಕದಲ್ಲಿ ಮೊದಲು ಸೋಲುವುದು ಉಕ್ಕಲ್ಲ, ಕೀಲಿ. ದಿಂಬಿನಡಿ, ಫೋಟೋದ ಹಿಂದೆ, ಬೀರುವಿನ ನೆತ್ತಿಯ ಮೇಲೆ, ಹಳೆಯ ಷೂ ಒಳಗೆ, ಮಡಿಸಿದ ಬಟ್ಟೆಯ ಅಡಿ: ನಗ ನಾಣ್ಯ ಹುಡುಕುವವನು ಕೈಹಾಕುವುದೇ ಈ ಜಾಗಗಳಿಗೆ. ನಿಮ್ಮ ಕೀಲಿಯನ್ನು ಹುಡುಕಲು ಅವನು ಹೊರಡಬೇಕಿಲ್ಲ, ಹಣ ಹುಡುಕುವಾಗಲೇ ಸಿಕ್ಕಿಬಿಡುತ್ತದೆ. ಆಮೇಲೆ ನಾಲ್ಕು ಮಿಲಿಮೀಟರ್ ಉಕ್ಕಿದ್ದರೂ ಅಷ್ಟೇ, ರಟ್ಟಿದ್ದರೂ ಅಷ್ಟೇ. ಕೀಲಿ ಪರವಾನಗಿದಾರರ ಮೈಮೇಲೆ ಇರಬೇಕು. ಇಲ್ಲವೇ ಗೋಡೆಗೆ ಬೋಲ್ಟ್ ಮಾಡಿದ, ನಂಬರ್ ಬೀಗದ ಪುಟ್ಟ ಉಕ್ಕಿನ ಪೆಟ್ಟಿಗೆಯಲ್ಲಿರಬೇಕು. ಎರಡನೆಯ ಕೀಲಿ ಮನೆಯಲ್ಲೇ ಬೇಡ, ಬ್ಯಾಂಕ್ ಲಾಕರ್ ಒಳ್ಳೆಯದು. ಪರವಾನಗಿ ಇಲ್ಲದವರ ಕೈಗೆ ಕೀಲಿ ಕೊಡುವುದನ್ನು ಹಲವು ಕಡೆ ಕಾನೂನು ಒಪ್ಪುವುದಿಲ್ಲ. ನಿಮ್ಮ ಪರವಾನಗಿಯ ಷರತ್ತುಗಳನ್ನು ಒಮ್ಮೆ ಪೂರ್ತಿ ಓದಿ. ನಾವು ಇಲ್ಲಿ ಹೇಳುವುದೆಲ್ಲ ಅವಕ್ಕೆ ಸೇರಿಸಿಕೊಳ್ಳಬೇಕಾದ್ದೇ ಹೊರತು ಅವುಗಳ ಬದಲಿಗಲ್ಲ.

ನಂಬರ್ ಬೀಗವಾದರೆ ಕೀಲಿಯ ಕಾಟ ತಪ್ಪುತ್ತದೆ, ಆದರೆ ಅದರ ಕಾಟ ಬೇರೆ. ಟಾರ್ಚನ್ನು ಓರೆಯಾಗಿ ಹಿಡಿದು ಕೀಪ್ಯಾಡ್ ನೋಡಿ. ದಿನಾ ಒತ್ತುವ ಗುಂಡಿಗಳ ಮೇಲೆ ಬೆರಳ ಜಿಡ್ಡು ಹೊಳೆಯುತ್ತದೆ, ಉಳಿದವುಗಳ ಮೇಲೆ ಧೂಳು ಕೂತಿರುತ್ತದೆ. ನಾಲ್ಕಂಕಿಯ ಸಂಖ್ಯೆಯಲ್ಲಿ ನಾಲ್ಕು ಗುಂಡಿಗಳು ಹೀಗೆ ಗೊತ್ತಾದರೆ ಹತ್ತು ಸಾವಿರ ಸಾಧ್ಯತೆ 24ಕ್ಕೆ ಇಳಿಯುತ್ತದೆ. ಆದ್ದರಿಂದ ಆರಂಕಿ ಇಡಿ, ಕೀಪ್ಯಾಡನ್ನು ಆಗಾಗ ಒರೆಸಿ, ಹುಟ್ಟಿದ ವರ್ಷ ಮತ್ತು ವಾಹನದ ಸಂಖ್ಯೆ ಬೇಡ. ಕಂಪನಿಯಿಂದ ಬಂದ ಮೂಲ ಸಂಖ್ಯೆಯನ್ನು ತಂದ ದಿನವೇ ಬದಲಿಸಿ. ಹೊಸ ಸಂಖ್ಯೆ ಹಾಕಿದ ಮೇಲೆ ಬಾಗಿಲು ತೆರೆದಿಟ್ಟುಕೊಂಡೇ ಮೂರು ನಾಲ್ಕು ಸಲ ಬೀಗ ಹಾಕಿ ತೆಗೆದು ನೋಡಿ. ತಪ್ಪಾಗಿ ದಾಖಲಾಗಿದ್ದರೆ ಬಾಗಿಲು ಮುಚ್ಚಿದ ಮೇಲೆ ದಾರಿಯಿಲ್ಲ. ಬ್ಯಾಟರಿ ವರ್ಷಕ್ಕೊಮ್ಮೆ ಬದಲಿಸಿ. ಅಗ್ಗದ ಪುಟ್ಟ ಪೆಟ್ಟಿಗೆಗಳಲ್ಲಿ ಎರಡು ದೋಷಗಳಿವೆ: ಒಳಗಿನ ಬೀಗದ ಕಡ್ಡಿ ಬಲವಾಗಿ ಗುದ್ದಿದರೆ ಸರಿದುಬಿಡಬಹುದು, ತುರ್ತಿಗೆಂದು ಕೊಟ್ಟ ಕೀಲಿರಂಧ್ರ ಬಹಳ ದುರ್ಬಲವಾಗಿರಬಹುದು. ಅಂಥವನ್ನು ಕೋವಿಗೆ ನೆಚ್ಚಬೇಡಿ.

ಇನ್ನು ಕಪಾಟು. ಕೋವಿಗೆಂದೇ ಮಾಡಿದ ಉಕ್ಕಿನ ಕಪಾಟಿನಲ್ಲಿ ತಗಡು 2 ಮಿಲಿಮೀಟರ್‌ಗಿಂತ ಕಡಿಮೆ ಇರಬಾರದು, 3 ಇದ್ದರೆ ನೆಮ್ಮದಿ. ತಗಡಿನ ದಪ್ಪವನ್ನು ಗೇಜ್ ಎಂಬ ಅಳತೆಯಲ್ಲಿ ಹೇಳಿದರೆ ಸಂಖ್ಯೆ ಇಳಿದಷ್ಟೂ ಉಕ್ಕು ದಪ್ಪ ಎಂಬುದು ನೆನಪಿರಲಿ: 12 ಗೇಜ್ ಎಂದರೆ ಸುಮಾರು 2.7 ಮಿ.ಮೀ., 10 ಗೇಜ್ ಸುಮಾರು 3.4 ಮಿ.ಮೀ. ಬಾಗಿಲು ದಪ್ಪಗಿದ್ದು ಪಕ್ಕದ ಗೋಡೆ ತೆಳ್ಳಗಿರುವ ಕಪಾಟುಗಳು ಬಹಳ ಇವೆ. ದಪ್ಪ ಎಷ್ಟೆಂದು ಎರಡಕ್ಕೂ ಬೇರೆ ಬೇರೆಯಾಗಿ ಕೇಳಿ. ಬಾಗಿಲು ಚೌಕಟ್ಟಿನ ಒಳಗೆ ಕೂರಬೇಕು, ಸಂದಿ ಕಿರಿದಾಗಿರಬೇಕು, ಬಾಗಿಲ ಹಿಂದೆ ಚೌಕಟ್ಟಿಗೆ ಮಡಿಕೆಯ ಅಂಚು ಇರಬೇಕು. ಕೀಲು ಹೊರಗೆ ಕಂಡರೆ ಹೆದರಬೇಕಾಗಿಲ್ಲ. ಕೀಲಿನ ಬದಿಗೂ ಚೌಕಟ್ಟಿನೊಳಗೆ ತೂರುವ ಸರಳುಗಳಿದ್ದರೆ ಕೀಲು ಕತ್ತರಿಸಿದರೂ ಬಾಗಿಲು ಬರುವುದಿಲ್ಲ.

ಪ್ರಮಾಣಪತ್ರದ ಅರ್ಥವನ್ನೂ ತಿಳಿದುಕೊಳ್ಳಿ. ಅಮೆರಿಕದ ಯುಎಲ್ ಎಂಬ ಸುರಕ್ಷತಾ ಪರೀಕ್ಷಾ ಸಂಸ್ಥೆ ಮನೆಬಳಕೆಯ ಸೇಫುಗಳಿಗೆ ಕೊಡುವ ಆರ್‌ಎಸ್‌ಸಿ ಪ್ರಮಾಣಪತ್ರದ ಮೊದಲ, ಅಂದರೆ ತೀರಾ ಕೆಳಗಿನ, ಹಂತವೆಂದರೆ ಒಬ್ಬ ಪರೀಕ್ಷಕ ಸಾಮಾನ್ಯ ಕೈಸಲಕರಣೆಗಳಿಂದ 5 ನಿಮಿಷ ಹೋರಾಡಿದರೂ ತೆರೆದಿಲ್ಲ ಎಂದು. ಅದೇ ಸಂಸ್ಥೆಯ ಇನ್ನೂ ಮೇಲಿನ ಟಿಎಲ್-15 ಎಂದರೆ ಡ್ರಿಲ್, ಗ್ರೈಂಡರ್‌ಗಳ ಮುಂದೆಯೂ 15 ನಿಮಿಷ ನಿಂತಿದೆ ಎಂದು. ಯುರೋಪಿನ ಮಾನದಂಡಗಳಲ್ಲಿ ಇಎನ್ 14450ರ ಎಸ್1, ಎಸ್2 ಕೆಳಗಿನ ಮೆಟ್ಟಿಲು, ಇಎನ್ 1143-1 ಅದರ ಮೇಲಿನದು. ಬೆಂಕಿ ತಡೆಯುವ ಚೀಟಿ ಇದ್ದ ಮಾತ್ರಕ್ಕೆ ಕಳ್ಳತನ ತಡೆಯುತ್ತದೆ ಎಂದಲ್ಲ. ಎರಡೂ ಬೇರೆ ಪರೀಕ್ಷೆಗಳು.

ನಮ್ಮ ಅಭಿಪ್ರಾಯದಲ್ಲಿ ದುಬಾರಿ ಸೇಫನ್ನು ತಂದು ಸುಮ್ಮನೆ ನಿಲ್ಲಿಸುವುದಕ್ಕಿಂತ ಸಾಧಾರಣ ಕಪಾಟನ್ನು ಸರಿಯಾಗಿ ಬೋಲ್ಟ್ ಮಾಡುವುದು ಮೇಲು. ಬಿಡಿಯಾಗಿ ನಿಂತ ನೂರು ಕಿಲೋ ಕಪಾಟನ್ನು ಇಬ್ಬರು ಕೆಡವಬಲ್ಲರು. ಅಂಗಾತ ಬಿದ್ದ ಮೇಲೆ ಹಾರೆಗೆ ಮೈತೂಕವೆಲ್ಲ ಸೇರುತ್ತದೆ. ಕೆಲಸ ಹೀಗೆ: ಕಪಾಟನ್ನು ಕಾಂಕ್ರೀಟ್ ನೆಲದ ಮೂಲೆಯಲ್ಲಿ ನಿಲ್ಲಿಸಿ. ಬಾಗಿಲು ತೆರೆಯುವ ಬದಿ, ಅಂದರೆ ಹಿಡಿಕೆಯ ಬದಿ, ಪಕ್ಕದ ಗೋಡೆಗೆ ಹತ್ತಿರವಿರಲಿ. ಆಗ ಹಾರೆಯನ್ನು ಬೀಸಿ ಒತ್ತಲು ಜಾಗವಿರುವುದಿಲ್ಲ. ನೆಲದಡಿ ನೀರಿನ ಪೈಪು, ವಿದ್ಯುತ್ ತಂತಿ ಇಲ್ಲವೆಂದು ಖಾತ್ರಿ ಮಾಡಿಕೊಂಡು ತಳದ ರಂಧ್ರಗಳ ಗುರುತು ಹಾಕಿ. ಎಂ10 ಅಥವಾ ಎಂ12 (10 ಅಥವಾ 12 ಮಿ.ಮೀ. ದಪ್ಪದ) ಎಕ್ಸ್‌ಪ್ಯಾನ್ಷನ್ ಬೋಲ್ಟ್, ಅಂದರೆ ಬಿಗಿದಾಗ ರಂಧ್ರದೊಳಗೆ ಹಿಗ್ಗಿ ಕಚ್ಚುವ ಬೋಲ್ಟ್, ನಾಲ್ಕು ಬೇಕು. ಟೈಲ್ ಇದ್ದರೆ ಅದು ದಾಟುವವರೆಗೆ ಡ್ರಿಲ್ಲಿನ ಹ್ಯಾಮರ್ ಬಂದ್ ಮಾಡಿ, ಇಲ್ಲದಿದ್ದರೆ ಸೀಳುತ್ತದೆ. ಬಿಟ್ಟಿನ ಅಳತೆ, ರಂಧ್ರದ ಆಳ ಬೋಲ್ಟಿನ ಪೊಟ್ಟಣದ ಮೇಲೆ ಇರುತ್ತದೆ. ಕಾಂಕ್ರೀಟಿನ ಅಂಚಿನಿಂದ ಕನಿಷ್ಠ ಹತ್ತು ಸೆಂಟಿಮೀಟರ್ ಒಳಗಿರಿ.

ಕೆಡುವುದು ಎಲ್ಲಿ? ರಂಧ್ರದ ಧೂಳಿನಲ್ಲಿ. ಕೊರೆದ ಮೇಲೆ ಬ್ರಷ್ ಹಾಕಿ ಉಜ್ಜಿ, ಪಂಪಿನಿಂದ ಊದಿ, ಮತ್ತೆ ಉಜ್ಜಿ ಊದಿ. ಧೂಳು ಉಳಿದರೆ ನಟ್ಟು ಬಿಗಿಯುವಾಗ ಬೋಲ್ಟ್ ಕಚ್ಚದೆ ಇಡಿಯಾಗಿ ತಿರುಗುತ್ತದೆ. ನೆಲ ಏರುಪೇರಾಗಿದ್ದು ಹಾಗೇ ಬಿಗಿದರೆ ಕಪಾಟಿನ ಮೈ ತಿರುಚಿಕೊಂಡು ಬಾಗಿಲು ಸಿಕ್ಕಿಹಾಕಿಕೊಳ್ಳುತ್ತದೆ. ಮೊದಲು ತೆಳು ಉಕ್ಕಿನ ಪಟ್ಟಿ ಕೊಟ್ಟು ಮಟ್ಟ ಮಾಡಿ. ಟೊಳ್ಳು ಇಟ್ಟಿಗೆಯ ಗೋಡೆಯಲ್ಲಿ ಎಕ್ಸ್‌ಪ್ಯಾನ್ಷನ್ ಬೋಲ್ಟ್ ಹಿಡಿಯುವುದಿಲ್ಲ, ಅಲ್ಲಿ ಜಾಲರಿ ಕೊಳವೆ ಹಾಕಿ ಕೆಮಿಕಲ್ ಆ್ಯಂಕರ್ (ಗಟ್ಟಿಯಾಗಿ ಬೋಲ್ಟನ್ನು ಹಿಡಿಯುವ ಅಂಟು) ತುಂಬಬೇಕು. ಮರದ ನೆಲವಾದರೆ ಹಲಗೆಗಲ್ಲ, ಅಡಿಯ ತೊಲೆಗೆ ತಿರುಪು ಹಾಕಿ.

ಬಾಡಿಗೆ ಮನೆಯಲ್ಲಿ ಮಾಲೀಕರನ್ನು ಕೇಳಿ ನೋಡಿ. ನಾಲ್ಕು ರಂಧ್ರಗಳನ್ನು ಬಿಡುವಾಗ ಮುಚ್ಚಿಕೊಡಬಹುದು. ಒಪ್ಪದಿದ್ದರೆ ಕಪಾಟನ್ನು ಬಾಗಿಲಿನಿಂದ ಹೊರಗೆ ಹಿಡಿಯದಷ್ಟು ಅಗಲದ ಉಕ್ಕಿನ ತಟ್ಟೆಗೆ ಒಳಗಿನಿಂದ ಬೋಲ್ಟ್ ಮಾಡಿ. ನೆಲಕ್ಕೆ ಹಾಕಿದ್ದಕ್ಕೆ ಇದು ಸಮವಲ್ಲ, ಆದರೆ ಎತ್ತಿಕೊಂಡು ಓಡುವುದನ್ನು ತಡೆಯುತ್ತದೆ.

ನಿಮ್ಮ ಎರಡು ಆಯುಧಗಳಿಗೆ ಇನ್ನೊಂದು ಅನುಕೂಲವಿದೆ. ರೈಫಲಿನ ಬೋಲ್ಟನ್ನು, ಅಂದರೆ ತೋಟಾವನ್ನು ನಳಿಗೆಗೆ ತಳ್ಳಿ ಹಿಂದಿನಿಂದ ಮುಚ್ಚುವ ಭಾಗವನ್ನು, ಪೂರ್ತಿ ಹೊರತೆಗೆಯಬಹುದು. ಜೋಡುನಳಿಗೆಯ ಮುಂದಿನ ಹಿಡಿಮರವನ್ನು ಕಳಚಿದರೆ ನಳಿಗೆ ಮತ್ತು ಹಿಂಬದಿ ಬೇರೆಯಾಗುತ್ತವೆ. ರೈಫಲಿನ ಬೋಲ್ಟನ್ನೂ ಜೋಡುನಳಿಗೆಯ ಈ ಎರಡು ಭಾಗಗಳಲ್ಲಿ ಒಂದನ್ನೂ ಇನ್ನೊಂದು ಬೀಗದ ಪೆಟ್ಟಿಗೆಯಲ್ಲಿ, ಇನ್ನೊಂದು ಕೋಣೆಯಲ್ಲಿಡಿ. ಕಪಾಟು ಒಡೆದರೂ ಕಳ್ಳನ ಕೈಗೆ ಬರುವುದು ಅರ್ಧ ಕೋವಿ. ತೋಟಾಗಳಿಗೂ ಪ್ರತ್ಯೇಕ ಬೀಗದ ಪೆಟ್ಟಿಗೆ ಬೇಕು. ಒಳಗಿಡುವ ಮುನ್ನ ನಳಿಗೆಯನ್ನು ಯಾರೂ ಇಲ್ಲದ ದಿಕ್ಕಿಗೆ ಹಿಡಿದು, ಬೆರಳು ಟ್ರಿಗರ್‌ನಿಂದ ಹೊರಗಿಟ್ಟು, ರೈಫಲಾದರೆ ಮೊದಲು ಮ್ಯಾಗಜೀನ್ (ತೋಟಾಗಳನ್ನು ತುಂಬುವ ಡಬ್ಬಿ) ತೆಗೆಯಿರಿ, ಆಮೇಲೆ ಬೋಲ್ಟ್ ತೆರೆಯಿರಿ. ಅನುಕ್ರಮ ತಿರುಗಿದರೆ ಬೋಲ್ಟ್ ಮುಚ್ಚುವಾಗ ಮ್ಯಾಗಜೀನಿನಿಂದ ಮತ್ತೊಂದು ತೋಟಾ ಏರುತ್ತದೆ. ನಳಿಗೆಯ ಹಿಂದುಗಡೆ ತೋಟಾ ಕೂರುವ ಗೂಡು ಖಾಲಿಯೆಂದು ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ.

ಮುಚ್ಚಿದ ಕಪಾಟಿನಲ್ಲಿ ತೇವ ಸೇರುತ್ತದೆ, ತುಕ್ಕು ಹಿಡಿಯುತ್ತದೆ. ತುಕ್ಕಿಗೆ ಬೇಸತ್ತವರು ಕೋವಿಯನ್ನು ಹೊರಗೇ ಇಡತೊಡಗುತ್ತಾರೆ, ಕಾವಲು ಅಲ್ಲಿಗೆ ಮುಗಿಯಿತು. ಆದ್ದರಿಂದ ಇದೂ ಕಳ್ಳತನದ ವಿಷಯವೇ. ಒಳಗೊಂದು ತೇವಮಾಪಕ ಇಟ್ಟು ಆರ್ದ್ರತೆಯನ್ನು ಶೇ. 50ರ ಆಸುಪಾಸಿನಲ್ಲಿ ಉಳಿಸಿ. ಬಣ್ಣ ಬದಲಿಸುವ ಸಿಲಿಕಾ ಜೆಲ್ ಸಾಕು. ಕಿತ್ತಳೆ ಹರಳುಗಳು ಹಸಿರಾದಾಗ ಸುಮಾರು 120 ಡಿಗ್ರಿಯಲ್ಲಿ ಒಣಗಿಸಿ ಮತ್ತೆ ಬಳಸಿ. ಚರ್ಮದ ಚೀಲದಲ್ಲಿ, ಫೋಮ್ ಪೆಟ್ಟಿಗೆಯಲ್ಲಿ ಹಾಗೇ ಬಿಡಬೇಡಿ, ಅವು ತೇವ ಹಿಡಿದಿಟ್ಟುಕೊಳ್ಳುತ್ತವೆ.

ಕೋವಿ ಇದೆಯೆಂದು ಗೊತ್ತಿಲ್ಲದವನು ಅದಕ್ಕಾಗಿ ಬರುವುದಿಲ್ಲ. ಕಪಾಟು ಬಂದ ರಟ್ಟಿನ ಪೆಟ್ಟಿಗೆಯನ್ನು ಹರಿದು ಮಡಚಿ ಎಸೆಯಿರಿ. ಕೋವಿಯ ಫೋಟೋವನ್ನು ಜಾಲತಾಣದಲ್ಲಿ ಹಾಕಬೇಡಿ. ಕಪಾಟು ಕಿಟಕಿಯಿಂದ ಕಾಣದಿರಲಿ. ಅಲಾರ್ಮ್ ಇದ್ದರೆ ಕಪಾಟಿಗೆ ಪ್ರತ್ಯೇಕ ಕಂಪನ ಸೆನ್ಸರ್ ಹಾಕಿಸಿ.

ಇವತ್ತೇ ಮಾಡಬೇಕಾದದ್ದು ಒಂದಿದೆ. ತಯಾರಕರ ಹೆಸರು, ಮಾದರಿ, ಕ್ಯಾಲಿಬರ್, ಸರಣಿ ಸಂಖ್ಯೆ ಬರೆದುಕೊಳ್ಳಿ. ಸಂಖ್ಯೆಯ ಹತ್ತಿರದ ಫೋಟೋ, ಮರದ ಮೇಲಿನ ಗೀರು ಗುರುತುಗಳ ಫೋಟೋ ತೆಗೆಯಿರಿ. ಕೆಲವು ಕೋವಿಗಳಲ್ಲಿ ನಳಿಗೆಗೂ ಬೋಲ್ಟಿಗೂ ಬೇರೆ ಸಂಖ್ಯೆ ಇರುತ್ತದೆ, ಅವನ್ನೂ ಸೇರಿಸಿ. ಈ ಹಾಳೆಯನ್ನು ಪರವಾನಗಿಯ ಪ್ರತಿಯ ಜೊತೆ ಕಪಾಟಿನ ಹೊರಗೆ, ಸಾಧ್ಯವಾದರೆ ಮನೆಯ ಹೊರಗೆ ಇಡಿ. ಮುಂದೊಂದು ದಿನ ಕೆಲಸದಿಂದ ಬಂದಾಗ ಮುಂಬಾಗಿಲು ಮುರಿದಿದ್ದರೆ ಒಳಗೆ ಹೋಗಬೇಡಿ. ಒಳಗಿರುವವನ ಕೈಯಲ್ಲಿ ನಿಮ್ಮ ಕೋವಿಯೇ ಇರಬಹುದು. ದೂರ ಸರಿದು ಪೊಲೀಸರಿಗೆ ಕರೆ ಮಾಡಿ, ಮನೆಯಲ್ಲಿ ಬಂದೂಕುಗಳಿವೆ ಎಂಬುದನ್ನು ಮೊದಲ ವಾಕ್ಯದಲ್ಲೇ ಹೇಳಿ, ಅವರು ಬಂದ ಮೇಲೆ ಆ ಹಾಳೆಯನ್ನು ಕೈಗೆ ಕೊಡಿ.